ಎಚ್.ಐ.ವಿ. ಎಂದರೇನು? ನ್ಯುಂಬಾನಿಯ ಮಕ್ಕಳು ಕಲಿಸುವ ಪಾಠ

(ಸಂಘದ ಕುಟುಂಬ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಹಬ್ಬದ ಊಟಕ್ಕೂ ಹಾಡು ಹಸೆಗೂ ಸೇರುವ ಕೂಟದಲ್ಲಿ ರೋಗವೊಂದರ ಮಾತೆತ್ತುವುದು ಸಮಯೋಚಿತವಲ್ಲವೆಂದು ಕೆಲವರಿಗೆ ತೋರಬಹುದು. ಆದರೂ ಈ ವಿಷಯವನ್ನೇ ಕುರಿತು ಮಾತನಾಡಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಕೀನ್ಯಾದಲ್ಲಿ ನೆಲೆಸಿರುವ ನಮಗೆ ಇದು ದೂರದ ಸಂಗತಿಯಲ್ಲ. ನಮ್ಮ ಮಕ್ಕಳನ್ನು ಎತ್ತಿ ಆಡಿಸುವ ಆಯಾ, ಕಾರು ನಡೆಸುವ ಚಾಲಕ, ಕಚೇರಿಯ ಸಹೋದ್ಯೋಗಿ, ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಮಗು, ಇವರಲ್ಲಿ ಯಾರಿಗಾದರೂ ಈ ಸೋಂಕು ಇರಬಹುದು. ನಮ್ಮ ಮನೆಯವರಿಗೇ ಇರಬಹುದು. ಹೀಗಿರುವಾಗ ಭಯಪಡುವುದಕ್ಕಿಂತ ಮೊದಲು, ಯಾವುದಕ್ಕೆ ಭಯಪಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅರಿಯುವುದು ಲೇಸು.

ಇಂದು ನಾವು ಸೇರಿರುವ ಈ ಕರೆನ್ ಬಡಾವಣೆಯಲ್ಲಿಯೇ ಎಚ್.ಐ.ವಿ. ಸೋಂಕಿರುವ ಅನಾಥ ಮಕ್ಕಳ ಆಶ್ರಯಧಾಮವೊಂದಿದೆ. ಅದರ ಹೆಸರು ‘ನ್ಯುಂಬಾನಿ’. ಸ್ವಾಹಿಲಿಯಲ್ಲಿ ಆ ಮಾತಿಗೆ ‘ಮನೆಯಲ್ಲಿ’ ಎಂದರ್ಥ. ವೈದ್ಯರೂ ಜೆಸ್ವಿಟ್ ಪಾದ್ರಿಯೂ ಆಗಿದ್ದ ಅಮೆರಿಕದ ಆಂಜೆಲೊ ಡಿ’ಅಗೊಸ್ಟಿನೊ ಅವರು ಐರ್ಲೆಂಡಿನ ಸನ್ಯಾಸಿನಿ ಮೇರಿ ಓವೆನ್ಸ್ ಅವರೊಡಗೂಡಿ 1992ರಲ್ಲಿ ಮೂರು ಮಕ್ಕಳೊಂದಿಗೆ ಇದನ್ನು ಆರಂಭಿಸಿದರು. ಆಗ ನೈರೋಬಿಯ ಆಸ್ಪತ್ರೆಗಳಲ್ಲಿ ಹೆತ್ತವರು ಬಿಟ್ಟುಹೋದ ಹಸುಗೂಸುಗಳಿದ್ದವು. ರಕ್ತಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಬಂದ ಕೂಸನ್ನು ತೆಗೆದುಕೊಳ್ಳಲು ಸಾಮಾನ್ಯ ಅನಾಥಾಲಯಗಳೂ ಹಿಂಜರಿಯುತ್ತಿದ್ದವು. ಅಂಥ ಮಕ್ಕಳಿಗಾಗಿಯೇ ಈ ಮನೆ ಹುಟ್ಟಿತು.

ಆದರೆ ಆ ಕೂಸುಗಳಲ್ಲಿ ಬಹುಪಾಲಿಗೆ ಸೋಂಕೇ ಇರಲಿಲ್ಲ! ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದ ಅನೇಕ ಮಕ್ಕಳು ಒಂದೂವರೆ ವರ್ಷ ತುಂಬುವಷ್ಟರಲ್ಲಿ ಅದೇ ಪರೀಕ್ಷೆಯಲ್ಲಿ ‘ಇಲ್ಲ’ ಎನ್ನಿಸಿಕೊಂಡರು. ಇದು ಪವಾಡವೂ ಅಲ್ಲ, ಪ್ರಯೋಗಾಲಯದ ತಪ್ಪೂ ಅಲ್ಲ. ಇದರ ಕಾರಣವನ್ನು ತಿಳಿದರೆ ಎಚ್.ಐ.ವಿ. ಎಂದರೇನೆಂಬುದರ ಅರ್ಧಭಾಗ ತಿಳಿದಂತೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ನಮ್ಮ ದೇಹವನ್ನು ಹೊರಗಿನ ರೋಗಾಣು ಹೊಕ್ಕಾಗ, ಅದನ್ನು ಗುರುತಿಸಿ ಹಿಡಿಯಬಲ್ಲ ಒಂದು ಬಗೆಯ ಪ್ರೋಟೀನುಗಳನ್ನು ರಕ್ತವು ಸಿದ್ಧಪಡಿಸಿಕೊಳ್ಳುತ್ತದೆ. ಇವನ್ನು ಪ್ರತಿಕಾಯಗಳೆನ್ನುತ್ತೇವೆ. ಸಾಮಾನ್ಯ ರಕ್ತಪರೀಕ್ಷೆಯು ಹುಡುಕುವುದು ಮುಖ್ಯವಾಗಿ ಈ ಪ್ರತಿಕಾಯಗಳನ್ನು. ಕಳ್ಳನನ್ನಲ್ಲ, ಕಳ್ಳನ ಹೆಜ್ಜೆಗುರುತನ್ನು. ವಯಸ್ಕರಲ್ಲಿ ಇಷ್ಟು ಸಾಕು, ಏಕೆಂದರೆ ಹೆಜ್ಜೆಗುರುತಿದ್ದ ಕಡೆ ಕಳ್ಳನೂ ಇರುತ್ತಾನೆ. ಎಳೆಗೂಸಿನ ವಿಚಾರ ಬೇರೆ. ತಾಯಿಯು ಗರ್ಭದಲ್ಲಿರುವಾಗಲೇ ತನ್ನ ಪ್ರತಿಕಾಯಗಳನ್ನು ಮಗುವಿಗೆ ಧಾರೆಯೆರೆಯುತ್ತಾಳೆ. ಸೃಷ್ಟಿಯು ಕೂಸಿಗೆ ಕೊಟ್ಟ ಮೊದಲ ರಕ್ಷೆ ಅದು. ಸೋಂಕಿತ ತಾಯಿಯಿಂದ ಎಚ್.ಐ.ವಿ.ಯ ಪ್ರತಿಕಾಯಗಳೂ ಹಾಗೆಯೇ ಬರುತ್ತವೆ. ಮಗುವಿನ ರಕ್ತದಲ್ಲಿ ಕಂಡದ್ದು ಮಗುವಿನ ರೋಗವಲ್ಲ, ತಾಯಿಯ ಸ್ಥಿತಿ. ಸುಮಾರು ಹದಿನೆಂಟು ತಿಂಗಳಲ್ಲಿ ಆ ಪ್ರತಿಕಾಯಗಳು ಕರಗಿಹೋಗುತ್ತವೆ. ವೈರಾಣು ನಿಜವಾಗಿ ದಾಟಿ ಬಂದಿದ್ದ ಮಗು ಮಾತ್ರ ಆಮೇಲೂ ‘ಪಾಸಿಟಿವ್’ ಆಗಿ ಉಳಿಯುತ್ತದೆ. ಇಂದು ವೈರಾಣುವನ್ನೇ ನೇರವಾಗಿ ಹುಡುಕುವ ಪಿ.ಸಿ.ಆರ್. ಪರೀಕ್ಷೆಯಿಂದ ಕೆಲವೇ ವಾರಗಳ ಕೂಸಿನಲ್ಲೂ ಸತ್ಯವನ್ನು ತಿಳಿಯಬಹುದು. ಆ ಅನುಕೂಲವಿಲ್ಲದಿದ್ದ ದಿನಗಳಲ್ಲಿ ಎಷ್ಟು ಕೂಸುಗಳು ತಮಗಿಲ್ಲದ ರೋಗದ ಹೆಸರಿನಲ್ಲಿ ಮಡಿಲು ಕಳೆದುಕೊಂಡವೋ!

ಇನ್ನು ವೈರಾಣುವಿನ ವಿಚಾರ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲುಕ್ ಮೊಂತಾನ್ಯೆ ಮತ್ತು ಅವರ ಸಂಗಡಿಗರು 1983ರಲ್ಲಿ ಇದನ್ನು ಪತ್ತೆಹಚ್ಚಿದರು. ಅವರಿಬ್ಬರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ಈ ವೈರಾಣುವಿನ ಗಾತ್ರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಮನುಷ್ಯನಲ್ಲಿ ಸುಮಾರು 20,000 ಜೀನುಗಳಿದ್ದರೆ ಇದರಲ್ಲಿರುವುದು ಒಂಬತ್ತೇ. ತಾನಾಗಿ ಉಣ್ಣಲಾರದು, ತಾನಾಗಿ ಬೆಳೆಯಲಾರದು. ಪರರ ಮನೆಯನ್ನು ಹೊಕ್ಕು ಅವರ ಒಲೆಯಲ್ಲೇ ಅಡುಗೆ ಮಾಡಿಕೊಳ್ಳುವ ಜಾತಿ ಇದು. ಅದು ಆರಿಸಿಕೊಂಡ ಮನೆ ಯಾವುದೆಂಬುದರಲ್ಲಿಯೇ ಅದರ ಕ್ರೌರ್ಯವೆಲ್ಲ ಅಡಗಿದೆ.

ನಮ್ಮ ಬಿಳಿಯ ರಕ್ತಕಣಗಳಲ್ಲಿ ‘ಸಿ.ಡಿ. 4’ ಎಂಬ ಗುರುತನ್ನು ಹೊತ್ತ ಒಂದು ಬಗೆಯಿದೆ. ಇವು ಸ್ವತಃ ಹೋರಾಡುವುದಕ್ಕಿಂತ ಹೆಚ್ಚಾಗಿ ಇತರ ರಕ್ಷಕ ಕಣಗಳಿಗೆ ಅಪ್ಪಣೆ ಕೊಡುವ ದಳಪತಿಗಳು. ಎಚ್.ಐ.ವಿ.ಯು ಈ ದಳಪತಿಗಳನ್ನೇ ಹುಡುಕಿ, ಆ ಗುರುತಿಗೇ ಅಂಟಿಕೊಂಡು ಒಳನುಗ್ಗುತ್ತದೆ. ಒಳಗೆ ಹೋದಮೇಲೆ ತನ್ನ ಆರ್.ಎನ್.ಎ. ಬರಹವನ್ನು ಡಿ.ಎನ್.ಎ. ಬರಹವನ್ನಾಗಿ ತಿರುಗಿಸಿ, ನಮ್ಮ ಜೀವಕೋಶದ ಮೂಲಗ್ರಂಥದ ನಡುವೆ ಒಂದು ಹಾಳೆಯಂತೆ ಸೇರಿಸಿಬಿಡುತ್ತದೆ. ಅಂದಿನಿಂದ ಆ ಕೋಶ ನಮ್ಮದಾಗಿ ಉಳಿಯುವುದಿಲ್ಲ. ಹೊಸ ವೈರಾಣುಗಳನ್ನು ಉತ್ಪಾದಿಸುವ ಕಾರ್ಖಾನೆಯಾಗುತ್ತದೆ. ಚಿಕಿತ್ಸೆಯಿಲ್ಲದ ರೋಗಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ವೈರಾಣುಗಳು ಹುಟ್ಟುತ್ತವೆಂದು 1996ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಅನೇಕರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂದೆ ಕಾಣಿಸಿಕೊಂಡು ತಾನಾಗಿ ಮಾಯವಾಗುತ್ತವೆ. ಅನಂತರ ದೀರ್ಘ ಮೌನ. ವಯಸ್ಕರಲ್ಲಿ ಚಿಕಿತ್ಸೆಯಿಲ್ಲದೆಯೂ ಎಂಟು ಹತ್ತು ವರ್ಷಗಳ ಕಾಲ ಮನುಷ್ಯ ಆರೋಗ್ಯವಂತನಾಗಿಯೇ ಕಾಣಬಹುದು. ಹೊರಗೆ ಬಣ್ಣ ಮಾಸದ ತೊಲೆಯನ್ನು ಒಳಗೇ ಗೆದ್ದಲು ತಿನ್ನುವಂತೆ ಈ ಅವಧಿಯಲ್ಲಿ ದಳಪತಿ ಕಣಗಳು ಕ್ಷೀಣಿಸುತ್ತವೆ. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಇವು ಸಾಮಾನ್ಯವಾಗಿ 500ಕ್ಕೂ ಮೇಲಿರುತ್ತವೆ. ವಯಸ್ಕರಲ್ಲಿ ಈ ಸಂಖ್ಯೆ 200ಕ್ಕಿಂತ ಕೆಳಗಿಳಿದರೆ ಅಥವಾ ಕೆಲವು ನಿರ್ದಿಷ್ಟ ಕಾಯಿಲೆಗಳು ಕಾಣಿಸಿಕೊಂಡರೆ ಆ ಸ್ಥಿತಿಗೆ ‘ಏಡ್ಸ್’ ಎಂದು ಹೆಸರು. ಎಚ್.ಐ.ವಿ. ಎಂಬುದು ವೈರಾಣು, ಏಡ್ಸ್ ಎಂಬುದು ಅದರ ಕಡೆಯ ಘಟ್ಟ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಆ ಘಟ್ಟದಲ್ಲಿ ಕೊಲ್ಲುವುದು ಬಹುಮಟ್ಟಿಗೆ ಬೇರೆ ರೋಗಗಳು: ಕ್ಷಯ, ನ್ಯುಮೋನಿಯ, ಮೆದುಳಿನ ಪೊರೆಯ ಸೋಂಕು. ಅವುಗಳಲ್ಲಿ ಕ್ಷಯವೇ ಅಗ್ರಗಣ್ಯ.

ಮಕ್ಕಳಲ್ಲಿ ಈ ಮೌನದ ಅವಧಿ ಬಹಳ ಕಿರಿದು. ರಕ್ಷಣಾಬಲ ಇನ್ನೂ ಬಲಿಯದಿರುವುದರಿಂದ, ಹುಟ್ಟಿನಿಂದ ಸೋಂಕು ಪಡೆದ ಕೂಸುಗಳಲ್ಲಿ ಚಿಕಿತ್ಸೆಯಿಲ್ಲದಿದ್ದರೆ ಸುಮಾರು ಅರ್ಧದಷ್ಟು ಎರಡನೆಯ ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ನ್ಯುಂಬಾನಿಯ ಮೊದಲ ವರ್ಷಗಳು ಆದುದರಿಂದಲೇ ಶೋಕದ ವರ್ಷಗಳು. ಅಂದು ಅಲ್ಲಿ ಮಾಡಲು ಸಾಧ್ಯವಿದ್ದುದು ಮುಖ್ಯವಾಗಿ ಎರಡೇ: ಪ್ರೀತಿಯಿಂದ ಸಾಕುವುದು, ಗೌರವದಿಂದ ಮಣ್ಣು ಮಾಡುವುದು.

ತಾಯಿಯಿಂದ ಮಗುವಿಗೆ ಇದು ದಾಟುವ ಹಾದಿ ಮೂರು: ಗರ್ಭದಲ್ಲಿ, ಹೆರಿಗೆಯ ವೇಳೆ, ಎದೆಹಾಲಿನಲ್ಲಿ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಎದೆಹಾಲಿನ ಪಾಲು ಎಷ್ಟೆಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟದ್ದು ನಮ್ಮ ಈ ನೈರೋಬಿ ನಗರವೇ. ಇಲ್ಲಿನ ವಿಶ್ವವಿದ್ಯಾಲಯದ ಡಾ. ರೂತ್ ಎಂಡುವಾಟಿ ಮತ್ತು ಸಂಗಡಿಗರು 425 ತಾಯಂದಿರನ್ನು ಕುರಿತ ಅಧ್ಯಯನವನ್ನು 2000ದಲ್ಲಿ ಪ್ರಕಟಿಸಿದರು. ಎರಡು ವರ್ಷ ತುಂಬುವಾಗ ಎದೆಹಾಲುಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು 37, ಡಬ್ಬಿಹಾಲುಂಡವರಲ್ಲಿ ಸುಮಾರು 20 ಮಕ್ಕಳು ಸೋಂಕಿತರಾಗಿದ್ದರು. ಹಾಗೆಂದು ಎದೆಹಾಲನ್ನು ದೂಷಿಸಬೇಕಿಲ್ಲ. ತಾಯಿ ನಿತ್ಯವೂ ಔಷಧ ಸೇವಿಸುತ್ತಿದ್ದರೆ ಮೂರೂ ಹಾದಿಗಳ ಅಪಾಯವನ್ನು ಒಟ್ಟಾರೆ ನೂರಕ್ಕೆ ಐದಕ್ಕಿಂತ ಕೆಳಗಿಳಿಸಬಹುದು. ಅಂಥ ತಾಯಿ ವೈದ್ಯರ ಸಲಹೆಯಂತೆ ಹಾಲೂಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಔಷಧದ ಕಥೆಯಲ್ಲಿ ಭಾರತಕ್ಕೂ ಪಾಲಿದೆ. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಾಣುವನ್ನು ಕಟ್ಟಿಹಾಕಬಹುದೆಂಬುದು 1996ರ ಹೊತ್ತಿಗೆ ಖಚಿತವಾಯಿತು. ಆದರೆ ಅದರ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಆಸುಪಾಸು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಅದೇ ಔಷಧವನ್ನು ‘ಗಡಿರಹಿತ ವೈದ್ಯರು’ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಒದಗಿಸುವುದಾಗಿ ಘೋಷಿಸಿದರು. ಅದೇ ವರ್ಷ ಕೀನ್ಯಾದ ಸಂಸತ್ತು ಅಗ್ಗದ ಔಷಧಗಳ ಆಮದಿಗೆ ದಾರಿಮಾಡುವ ಕಾಯಿದೆಯನ್ನು ಅಂಗೀಕರಿಸಿತು. ಔಷಧ ಬಂದಮೇಲೆ ನ್ಯುಂಬಾನಿಯ ಸ್ವರೂಪವೇ ಬದಲಾಯಿತು. ಸಾಯಲೆಂದು ಬಂದಿದ್ದ ಮಕ್ಕಳು ಬೆಳೆಯತೊಡಗಿದರು.

ಬೆಳೆಯುವ ಮಕ್ಕಳಿಗೆ ಶಾಲೆ ಬೇಕು. ಸರಕಾರಿ ಶಾಲೆಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. 2004ರಲ್ಲಿ ನ್ಯುಂಬಾನಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ ಸರಕಾರವು ಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಿತು. ಔಷಧವು ವೈರಾಣುವನ್ನು ತಡೆದಿದ್ದರೂ ಭಯವನ್ನು ತಡೆದಿರಲಿಲ್ಲವೆಂಬುದಕ್ಕೆ ಈ ಮೊಕದ್ದಮೆಯೇ ಸಾಕ್ಷಿ. ಡಿ’ಅಗೊಸ್ಟಿನೊ ಅವರು 2006ರಲ್ಲಿ ತೀರಿಕೊಂಡರು. ಕಿಟುಯಿ ಪ್ರಾಂತದಲ್ಲಿ ಅನಾಥ ಮೊಮ್ಮಕ್ಕಳೂ ಅವರ ಅಜ್ಜ ಅಜ್ಜಿಯರೂ ಕೂಡಿ ಬಾಳುವ ಹಳ್ಳಿಯೊಂದನ್ನು ಕಟ್ಟುವ ಅವರ ಕನಸು ನನಸಾಗಿದೆ.

ಆ ಭಯಕ್ಕೆ ಆಧಾರವಿದೆಯೇ? ವೈರಾಣು ರಕ್ತ, ವೀರ್ಯ, ಯೋನಿದ್ರವ, ಎದೆಹಾಲು ಮುಂತಾದ ಕೆಲವೇ ದ್ರವಗಳಲ್ಲಿ ಸೋಂಕು ಹರಡುವಷ್ಟು ಇರುತ್ತದೆ. ಗಾಳಿಯಲ್ಲಿ, ನೀರಿನಲ್ಲಿ, ಬೆವರಿನಲ್ಲಿ, ಕಣ್ಣೀರಿನಲ್ಲಿ, ಎಂಜಲು ಲೋಟದಲ್ಲಿ ಅದು ದಾಟದು, ಸೊಳ್ಳೆಯಿಂದಲೂ ದಾಟದು. ಹರಡುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಹಂಚಿಕೊಂಡ ಸೂಜಿಯಿಂದ, ಪರೀಕ್ಷಿಸದ ರಕ್ತದಿಂದ, ತಾಯಿಯಿಂದ ಮಗುವಿಗೆ. ಹಾಗಾದರೆ ಮನೆಗೆಲಸದವಳಿಗೆ ಬೇರೆ ತಟ್ಟೆ ಲೋಟ ಇಡುವುದರಿಂದ ಯಾರಿಗೆ ರಕ್ಷಣೆ? ಆ ಪ್ರತ್ಯೇಕ ಲೋಟದ ಹಿಂದಿನ ಹಳೆಯ ಚರಿತ್ರೆ ನಮಗೆಲ್ಲರಿಗೂ ಗೊತ್ತಿದೆ. ವಿಜ್ಞಾನದ ಹೆಸರಿನಲ್ಲಿ ಅದನ್ನು ಮತ್ತೆ ಒಳಗೆ ಕರೆಯುವುದು ಬೇಡ. ಔಷಧದಿಂದ ರಕ್ತದಲ್ಲಿ ವೈರಾಣು ಕಾಣದಷ್ಟು ಕಡಿಮೆಯಾಗಿ ಹಾಗೆಯೇ ಉಳಿದಿದ್ದರೆ ದಾಂಪತ್ಯದಲ್ಲಿಯೂ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದು ದೊಡ್ಡ ಅಧ್ಯಯನಗಳು ಸ್ಥಾಪಿಸಿವೆ.

ಇದು ಆಫ್ರಿಕದವರ ರೋಗವೆಂದು ಬಗೆಯುವವರೂ ನಮ್ಮಲ್ಲಿದ್ದಾರೆ. ಭಾರತದಲ್ಲಿ ಮೊದಲ ಸೋಂಕುಗಳು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಕರ್ನಾಟಕವೂ, ಅದರಲ್ಲಿಯೂ ಬಾಗಲಕೋಟೆ, ಬೆಳಗಾವಿ, ವಿಜಾಪುರದ ಸೀಮೆ, ಇದರಿಂದ ಬಹಳ ನೊಂದಿತು. ನೈರೋಬಿಯಲ್ಲಿ 1980ರ ದಶಕದಿಂದ ಇಲ್ಲಿನ ವೈದ್ಯರೊಡನೆ ದುಡಿದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯವೇ ಕರ್ನಾಟಕ ಸರಕಾರದೊಡನೆ ಕೈಜೋಡಿಸಿ, 2003ರಲ್ಲಿ ‘ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್’ ಸ್ಥಾಪನೆಗೆ ಕಾರಣವಾಯಿತು. ನೈರೋಬಿಯ ಬಡ ಹೆಣ್ಣುಮಕ್ಕಳ ನಡುವೆ ಕಲಿತ ಪಾಠ ಕೃಷ್ಣಾತೀರದ ಹೆಣ್ಣುಮಕ್ಕಳ ನೆರವಿಗೆ ಬಂದಿತೆಂಬುದನ್ನು ನಾವು ಮರೆಯಬಾರದು.

ಗುಣವಾಗುವ ರೋಗವೇ ಎಂದು ನೀವು ಕೇಳಬಹುದು. ಸದ್ಯಕ್ಕೆ ಎಲ್ಲರಿಗೂ ಒಗ್ಗುವ ಪೂರ್ಣ ಪರಿಹಾರವಿಲ್ಲ. ನಮ್ಮ ಕೋಶಗಳ ಮೂಲಗ್ರಂಥದೊಳಗೆ ಸೇರಿದ ಆ ಹಾಳೆಯನ್ನು ಔಷಧವು ಕಿತ್ತೆಸೆಯಲಾರದು, ಓದದಂತೆ ಮುಚ್ಚಿಡಬಲ್ಲದು. ಮಾತ್ರೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಾಣು ಮರಳುತ್ತದೆ. 2025ರ ಜನವರಿಯಲ್ಲಿ ಅಮೆರಿಕ ಸರಕಾರ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದಾಗ ಕೀನ್ಯಾದ ರೋಗಿಗಳು ಕಳವಳಗೊಂಡದ್ದು ಇದೇ ಕಾರಣಕ್ಕೆ. ಅದೇ ವರ್ಷ ಸೋಂಕು ತಗಲದಂತೆ ಆರು ತಿಂಗಳಿಗೊಮ್ಮೆ ಕೊಡುವ ‘ಲೆನಾಕಾಪವಿರ್’ ಚುಚ್ಚುಮದ್ದಿಗೆ ಅಲ್ಲಿ ಅನುಮತಿಯೂ ದೊರೆಯಿತು. ಆತಂಕ, ಆಶೆ ಎರಡೂ ಜೊತೆಯಾಗಿವೆ.

ಬಂಧುಗಳೇ, ನಮ್ಮಿಂದಾಗಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ಗರ್ಭಿಣಿಯೂ, ಮದುವೆಯಾಗಲಿರುವ ಪ್ರತಿ ಜೋಡಿಯೂ ಸಂಕೋಚವಿಲ್ಲದೆ ಪರೀಕ್ಷೆ ಮಾಡಿಸಿಕೊಳ್ಳಲಿ. ಸೋಂಕಿನ ಸಂಭವವಿರುವ ಘಟನೆಯಾದರೆ 72 ಗಂಟೆಗಳೊಳಗೆ ವೈದ್ಯರನ್ನು ಕಾಣಲಿ. ಆ ಅವಧಿಯಲ್ಲಿ ಆರಂಭಿಸಿದ ಔಷಧ ಸೋಂಕನ್ನು ತಡೆಯಬಲ್ಲದು. ಹರೆಯದ ಮಕ್ಕಳೊಡನೆ ಈ ಮಾತನ್ನು ತಂದೆತಾಯಿಗಳೇ ಆಡಲಿ. ಮನೆಯಲ್ಲಿ ದುಡಿಯುವವರು ತಮಗೆ ಸೋಂಕಿದೆಯೆಂದು ನಂಬಿ ಹೇಳಿಕೊಂಡರೆ ಅವರ ಕೆಲಸವನ್ನು ಕಿತ್ತುಕೊಳ್ಳಬೇಡಿ; ಔಷಧ ತರಲು ತಿಂಗಳಿಗೊಂದು ದಿನ ಬಿಡುವು ಕೊಡಿ, ಆ ಮಾತನ್ನು ಗುಟ್ಟಾಗಿ ಉಳಿಸಿ.

ಪ್ರಶ್ನೆಗಳಿದ್ದರೆ ಎಲ್ಲರೆದುರು ಕೇಳಬಹುದು. ಸಂಕೋಚವೆನಿಸಿದವರು ಚೀಟಿಯಲ್ಲಿ ಹೆಸರಿಲ್ಲದೆ ಬರೆದುಕೊಡಬಹುದು.