ತಾಲ್ಲೂಕು ಬೋರ್ಡಿನ ಕಾಲ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಹಿರಿಯರು ಯಾರನ್ನಾದರೂ ಪರಿಚಯಿಸುವಾಗ "ಅವರು ಬೋರ್ಡ್ ಮೆಂಬರ್ ಆಗಿದ್ದವರು" ಎಂದು ಹೇಳುವುದುಂಟು. ಆ ಮಾತಿನಲ್ಲಿ ಒಂದು ಗೌರವವಿರುತ್ತದೆ. ಕೇಳುವ ಕಿರಿಯರಿಗೆ ಮಾತ್ರ ಅದು ಯಾವ ಬೋರ್ಡು ಎಂಬುದು ತಿಳಿಯದು. 1960ರಲ್ಲಿ ಮೈದಳೆದು, 1987ರಲ್ಲಿ ಹೊಸ ವ್ಯವಸ್ಥೆ ಬಂದಾಗ ಕಣ್ಮರೆಯಾದ ತಾಲ್ಲೂಕು ಅಭಿವೃದ್ಧಿ ಮಂಡಳಿಯೇ ಆ ಬೋರ್ಡು. ಅದರ ಚರಿತ್ರೆಯನ್ನೂ ರಾಜಕಾರಣವನ್ನೂ ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಲು ಬಯಸುತ್ತೇನೆ.

ಸಾಹಿತ್ಯದ ಪಾಠ ಹೇಳಿದವನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ನಾನು ಇತ್ತ ಬಂದದ್ದು ಶಾಸನಗಳ ದಾರಿಯಿಂದ. ರೈಸ್ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ ಪ್ರಕಟವಾದದ್ದು 1902ರಲ್ಲಿ. ಅದರ ಪುಟಗಳಲ್ಲಿ ಊರಿಗೂ ಅರಸನಿಗೂ ನಡುವೆ 'ನಾಡು' ಎಂಬ ಘಟಕ ಮತ್ತೆ ಮತ್ತೆ ಎದುರಾಗುತ್ತದೆ. ಗಾವುಂಡರು, ಮಹಾಜನರು ಕೂಡಿ ಕೆರೆಗೆ, ದೇವಾಲಯಕ್ಕೆ ಭೂಮಿ ಬಿಟ್ಟ ಸಂಗತಿಗಳು ಬರುತ್ತವೆ. ಒಂದೂರಿಗೆ ಮೀರಿದ, ಆದರೆ ರಾಜಧಾನಿಯವರೆಗೆ ಒಯ್ಯಬೇಕಿಲ್ಲದ ಕೆಲಸಗಳು ಎಲ್ಲ ಕಾಲದಲ್ಲಿಯೂ ಇರುತ್ತವೆಂಬುದಕ್ಕೆ ಆ ಕಲ್ಲುಗಳು ಸಾಕ್ಷಿ. ಆದರೆ ಅಲ್ಲಿ ಕೂತವರು ಹುಟ್ಟಿನ ಬಲದಿಂದ, ಭೂಮಿಯ ಬಲದಿಂದ ಕೂತವರು. ಹೆಂಗಸರಿಗಾಗಲಿ, ಊರ ಹೊರಗಿನ ಕೇರಿಯವರಿಗಾಗಲಿ ಆ ಕೂಟದಲ್ಲಿ ಜಾಗವಿರಲಿಲ್ಲ. ಹಳೆಯದೆಂಬ ಕಾರಣಕ್ಕೆ ಅದನ್ನು ಹೊಗಳಬೇಕಾಗಿಲ್ಲ.

ಕಾಕತಾಳೀಯವೆಂಬಂತೆ ಅದೇ 1902ರಲ್ಲಿ ಮೈಸೂರು ಸಂಸ್ಥಾನವು ಸ್ಥಳೀಯ ಮಂಡಳಿಗಳ ಕಾಯಿದೆಯನ್ನು ಮಾಡಿತು. ಜಿಲ್ಲೆಗೊಂದು, ತಾಲ್ಲೂಕಿಗೊಂದು ಮಂಡಳಿ ಎಂಬ ಏರ್ಪಾಡು ಅದರಲ್ಲಿತ್ತು. 1926ರ ಕಾಯಿದೆ ಬಂದಾಗ ಜಿಲ್ಲಾ ಮಂಡಳಿ ಉಳಿಯಿತು, ಗ್ರಾಮ ಪಂಚಾಯತಿ ಉಳಿಯಿತು, ನಡುವಿನ ತಾಲ್ಲೂಕು ಮಂಡಳಿ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ, ಬಲವಂತರಾಯ್ ಮೆಹತಾ ಸಮಿತಿಯು 1957ರಲ್ಲಿ ಮೂರು ಹಂತದ ಪಂಚಾಯತಿಗಳನ್ನು ಸೂಚಿಸಿತು. ಅದರ ಬೆನ್ನಿಗೆ 1959ರಲ್ಲಿ ಮೈಸೂರು ಗ್ರಾಮ ಪಂಚಾಯತಿಗಳ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಜಾರಿಗೆ ಬಂತು. ಈ ಸಲ ಅಳಿದದ್ದು ಜಿಲ್ಲಾ ಮಂಡಳಿ. ಅದರ ಸ್ಥಾನದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ, ಸಲಹೆ ಕೊಡುವಷ್ಟೇ ಅಧಿಕಾರವುಳ್ಳ ಜಿಲ್ಲಾ ಅಭಿವೃದ್ಧಿ ಪರಿಷತ್ತು ಬಂತು. ನಿಜವಾದ ಕೆಲಸದ ಹೊಣೆ ತಾಲ್ಲೂಕಿಗೆ ಇಳಿಯಿತು.

ಇಲ್ಲಿ ನಮ್ಮ ರಾಜ್ಯದ ಒಂದು ವೈಶಿಷ್ಟ್ಯವನ್ನು ಗಮನಿಸಬೇಕು. ರಾಜಸ್ಥಾನದಂಥ ಕಡೆಗಳಲ್ಲಿ ಹಳ್ಳಿಯ ಸರಪಂಚರೇ ಮೇಲಿನ ಸಮಿತಿಯಲ್ಲಿ ಕೂರುತ್ತಿದ್ದರು. ನಮ್ಮಲ್ಲಿ ತಾಲ್ಲೂಕು ಮಂಡಳಿಯ ಸದಸ್ಯರನ್ನು ಮತದಾರರು ನೇರವಾಗಿ ಆರಿಸಿದರು. ಜನಸಂಖ್ಯೆಗೆ ತಕ್ಕಂತೆ 15ರಿಂದ 19 ಜನ. ಹೆಂಗಸರಿಗೂ ಪರಿಶಿಷ್ಟರಿಗೂ ಕಾದಿರಿಸಿದ ಸ್ಥಾನಗಳು. ಶಾಲೆಯ ಕಟ್ಟಡ, ಕುಡಿಯುವ ನೀರಿನ ಬಾವಿ, ಹಳ್ಳಿಯ ರಸ್ತೆ, ಮೋರಿ, ಸಣ್ಣ ಕೆರೆ ಇವೆಲ್ಲ ಮಂಡಳಿಯ ಎದುರಿಗೆ ಬರುತ್ತಿದ್ದ ಕೆಲಸಗಳು. ಬಿ.ಡಿ.ಓ. ಸಾಹೇಬರು ಅದರ ಕಾರ್ಯನಿರ್ವಾಹಕರು.

ಈ ಕೆಲಸಗಳು ಎಲ್ಲ ತಾಲ್ಲೂಕಿಗೂ ಒಂದೇ ತೂಕದವಲ್ಲ. ಹೊಳೆನರಸೀಪುರ ಹೇಮಾವತಿಯ ದಡದ ಊರು. ಅರಕಲಗೂಡು ತಾಲ್ಲೂಕಿಗೆ ಹೇಮಾವತಿಯ ನಂಟೂ ಉಂಟು, ರಾಮನಾಥಪುರದ ಕಡೆ ಕಾವೇರಿಯ ನಂಟೂ ಉಂಟು. ಹೊಳೆ ದಾಟುವುದೇ ಅಲ್ಲಿ ಮಳೆಗಾಲದ ಚಿಂತೆ. ಚನ್ನರಾಯಪಟ್ಟಣದ ಬಯಲಿನಲ್ಲಿ ತೆಂಗೂ ರಾಗಿಯೂ ಮುಗಿಲನ್ನು ನೋಡಿಕೊಂಡು ನಿಲ್ಲುವವು. ಅಲ್ಲಿ ಕೆರೆಯ ಹೂಳೇ ಚಿಂತೆ. ಹತ್ತು ಹಳ್ಳಿಗಳ ಅಚ್ಚುಕಟ್ಟಿಗೆ ನೀರುಣಿಸುವ ಕೆರೆ ಒಂದು ಗ್ರಾಮ ಪಂಚಾಯತಿಯ ಅಳವಿಗೆ ಮೀರಿದ್ದು. ಜಿಲ್ಲೆಯ ಕಣ್ಣಿಗೆ ಅದೇ ಕೆರೆ ತೀರ ಚಿಕ್ಕದು. ಆ ಅಳತೆಯ ಕೆಲಸಕ್ಕೆ ಆ ಅಳತೆಯ ಸಭೆಯೊಂದು ಬೇಕು. ತಾಲ್ಲೂಕು ಬೋರ್ಡಿನ ಅರ್ಥವೇ ಅದು.

1978ರ ಚುನಾವಣೆಯ ಕಾಲಕ್ಕೆ ನಾನು ಕಾಲೇಜು ವಿದ್ಯಾರ್ಥಿ. ಅದಾದ ಮೇಲೆ ಒಂದು ಸಲ ಬ್ಲಾಕ್ ಆಫೀಸಿನ ಕಿಟಕಿಯ ಹೊರಗೆ ನಿಂತು ಸಭೆಯ ಮಾತುಗಳನ್ನು ಕೇಳಿದ್ದೆ. ಹೆಚ್ಚು ಓದಿಲ್ಲದ ಸದಸ್ಯರೊಬ್ಬರು ಎದ್ದು, ಬಾವಿಯೊಂದರ ಅಂದಾಜು ಪಟ್ಟಿಯಲ್ಲಿ ಕಂಡ ಆಳಕ್ಕೂ ತಾವು ಹಗ್ಗ ಇಳಿಬಿಟ್ಟು ಅಳೆದ ಆಳಕ್ಕೂ ಇರುವ ಅಂತರವೇನೆಂದು ಅಧಿಕಾರಿಯನ್ನು ಕೇಳುತ್ತಿದ್ದರು. ಅಚ್ಚಗನ್ನಡದಲ್ಲಿ ಕೇಳಿದ ಪ್ರಶ್ನೆ. ಅಧಿಕಾರಿ ಕನ್ನಡದಲ್ಲಿಯೇ ಉತ್ತರಿಸಬೇಕಾಯಿತು. ನಡವಳಿ, ಠರಾವು, ಅನುದಾನ, ಅಂದಾಜು ಎಂಬ ಮಾತುಗಳು ರೈತರ ನಾಲಗೆಯಲ್ಲಿ ಪಳಗಿದ್ದು ಇಂಥ ಸಭೆಗಳಲ್ಲಿ. ಕನ್ನಡ ಆಡಳಿತ ಭಾಷೆಯಾದ ಕಥೆಯನ್ನು ನಾವು ವಿಧಾನಸೌಧದಿಂದ ಮೊದಲುಮಾಡುತ್ತೇವೆ. ಬ್ಲಾಕ್ ಆಫೀಸಿನಿಂದಲೂ ಅದನ್ನು ಬರೆಯಬಹುದು.

ರಾಜಕಾರಣದ ಶಾಲೆಯೂ ಅದೇ ಆಗಿತ್ತು. ಹರದನಹಳ್ಳಿಯ ರೈತ ಮನೆತನದ ಎಚ್. ಡಿ. ದೇವೇಗೌಡರು ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದವರು. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದಲ್ಲಿಯೂ ಅಲ್ಲಿನ ತಾಲ್ಲೂಕು ಅಭಿವೃದ್ಧಿ ಮಂಡಳಿಯಲ್ಲಿಯೂ ದುಡಿದವರು. 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದರು. 1996ರ ಜೂನ್ ತಿಂಗಳಲ್ಲಿ ದೇಶದ ಪ್ರಧಾನಿಯಾದರು. ಅವರ ರಾಜಕಾರಣವನ್ನು ಒಪ್ಪುವವರೂ ಒಪ್ಪದವರೂ ಈ ಜಿಲ್ಲೆಯಲ್ಲಿ ಇದ್ದಾರೆ. ಆದರೆ ಹಳ್ಳಿಯಿಂದ ದಿಲ್ಲಿಯವರೆಗಿನ ಆ ಏಣಿಯಲ್ಲಿ ತಾಲ್ಲೂಕು ಬೋರ್ಡು ಒಂದು ಮೆಟ್ಟಿಲಾಗಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಬೋರ್ಡಿನ ಕುಂದುಗಳನ್ನೂ ಹೇಳಬೇಕು. ದಕ್ಷಿಣದ ಜಿಲ್ಲೆಗಳಲ್ಲಿ ಒಕ್ಕಲಿಗರು, ಇತರ ಕಡೆಗಳಲ್ಲಿ ಲಿಂಗಾಯತರು, ಅವರಲ್ಲಿಯೂ ಭೂಮಿಯುಳ್ಳ ಮನೆಗಳವರು, ಈ ಮಂಡಳಿಗಳಲ್ಲಿ ಪ್ರಬಲರಾಗಿದ್ದರು. ಸ್ವಂತ ಆದಾಯ ಅಲ್ಪ. ಸರ್ಕಾರದ ಅನುದಾನಕ್ಕೆ ಕೈಚಾಚಿ ಕೂರಬೇಕಾಗಿತ್ತು. ಇವುಗಳಿಗಿಂತ ದೊಡ್ಡ ಕುಂದು ಬೋರ್ಡಿನದಲ್ಲ, ಅದನ್ನು ಆಳಿದವರದು. 1960, 1968, 1978: ಕಾಲು ಶತಮಾನದ ಅವಧಿಯಲ್ಲಿ ಅದಕ್ಕೆ ನಡೆದದ್ದು ಮೂರೇ ಚುನಾವಣೆ. ವಿಧಾನಸಭೆಯ ಚುನಾವಣೆಯನ್ನು ಹೀಗೆ ಮುಂದೂಡಿದ್ದರೆ ನಾಡು ಸುಮ್ಮನಿರುತ್ತಿತ್ತೆ? ಇಂದಿನ ಬೋರ್ಡ್ ಮೆಂಬರ್ ನಾಳಿನ ಶಾಸಕ ಸ್ಥಾನದ ಎದುರಾಳಿ ಎಂಬುದು ಅಧಿಕಾರದಲ್ಲಿದ್ದವರಿಗೆ ತಿಳಿಯದ ಗುಟ್ಟಾಗಿರಲಿಲ್ಲ.

ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಮಸೂದೆ, ರಾಷ್ಟ್ರಪತಿಗಳ ಅಂಕಿತ ಪಡೆದು, 1987ರ ಜನವರಿಯ ಚುನಾವಣೆಗಳೊಡನೆ ಕಾರ್ಯರೂಪಕ್ಕೆ ಬಂತು. ಹೆಂಗಸರಿಗೆ ಶೇಕಡಾ 25 ಸ್ಥಾನಗಳನ್ನು ಕೊಟ್ಟ ಆ ಕಾಯಿದೆಯ ಹಿರಿಮೆಯನ್ನು ದೇಶವೇ ಮೆಚ್ಚಿದೆ. ಜಿಲ್ಲಾ ಪರಿಷತ್ತೂ ಮಂಡಲ ಪಂಚಾಯತಿಯೂ ಅದರಲ್ಲಿ ಬಲಗೊಂಡವು. ತಾಲ್ಲೂಕು ಪಂಚಾಯತಿ ಸಮಿತಿಗೆ ಮಾತ್ರ ನೇರ ಚುನಾವಣೆಯಿಲ್ಲ. ಅದರ ಅಧ್ಯಕ್ಷ ಪೀಠ ಶಾಸಕರದು. ಎದುರಾಳಿ ಬೆಳೆಯುತ್ತಿದ್ದ ಅಂಗಳದಲ್ಲಿ ಶಾಸಕರಿಗೇ ಕುರ್ಚಿ ಹಾಕಿದಂತಾಯಿತು. 1926ರಲ್ಲಿ ಆದದ್ದೇ ಇನ್ನೊಂದು ಬಗೆಯಲ್ಲಿ ಮತ್ತೆ ಆಯಿತು: ಮೇಲೂ ಉಳಿಯಿತು, ಕೆಳಗೂ ಉಳಿಯಿತು, ನಡು ಬಿದ್ದಿತು.

ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಿಗೆ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು ತಾಲ್ಲೂಕಿಗೆ ಚುನಾಯಿತ ಸಭೆಯನ್ನು ಮರಳಿ ಕೊಟ್ಟಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಎಂಬುದು ಈಗ ಸಂವಿಧಾನದ ಮಾತು. ಆದರೂ 2016ರಲ್ಲಿ ಆಯ್ಕೆಯಾದ ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆ ನಡೆಯಲಿಲ್ಲ. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು ಕೂತರು. ಅದಕ್ಕಾಗಿ ಊರೂರಿನಲ್ಲಿ ದೊಡ್ಡ ದನಿಯೇನೂ ಏಳಲಿಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ಇರುವುದು ಹೋದಾಗ ಕೊರತೆ ಕಾಣಬೇಕಾದರೆ ಇದ್ದದ್ದರ ನೆನಪು ಇರಬೇಕು. ತಾಲ್ಲೂಕು ಬೋರ್ಡು ಏನಾಗಿತ್ತೆಂಬುದನ್ನು ಮರೆತ ಜನ, ಅದರ ಉತ್ತರಾಧಿಕಾರಿ ಬರಿದಾದಾಗ ಏಕೆಂದು ಕೇಳುವುದಿಲ್ಲ.

ಆದುದರಿಂದ ಹಳೆಯ ಬೋರ್ಡ್ ಮೆಂಬರುಗಳು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ಅವರ ಬಳಿ ಕುಳಿತು ಕೇಳಿರಿ, ಬರೆದಿಡಿರಿ. ನಡವಳಿ ಪುಸ್ತಕಗಳು ಗೆದ್ದಲಿನ ಪಾಲಾಗುವ ಮುನ್ನ ಯಾರಾದರೂ ಅವನ್ನು ತೆರೆಯಲಿ. ಶಿಲಾಶಾಸನಗಳನ್ನು ಓದುವ ಶ್ರದ್ಧೆಯಲ್ಲಿ ಒಂದು ಪಾಲನ್ನು ಆ ಪುಟಗಳಿಗೂ ಕೊಡೋಣ. ಹುಟ್ಟಿನಿಂದಲ್ಲದೆ ಮತದಿಂದ ನಾಡಿನ ಸಭೆಗೆ ಬಂದ ಮೊದಲ ತಲೆಮಾರಿನ ರೈತರ ಮಾತು ಅಲ್ಲಿದೆ.