ಚಿಕ್ಕ ಕೋಣೆ, ದೊಡ್ಡ ಕುಟುಂಬ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಾಲ್ಕುರಿಕೆಯಲ್ಲಿ ಮೇಲೆ ಕೊಬ್ಬರಿಯ ಅಟ್ಟ, ಕೆಳಗೆ ಹತ್ತಡಿ ಕೋಣೆ ಇರುವ ಮನೆಗಳು ನಿಮಗೆ ಗೊತ್ತು. ಈದ್ ದಿನ ಮನೆಮಂದಿಯೆಲ್ಲ ಅಲ್ಲಿ ಸೇರಿದಾಗ ಫೋಟೊಗೆ ಯಾವ ಲೆನ್ಸ್ ಬೇಕು?

ಹಲವರು 50 ಮಿ.ಮೀ. ಲೆನ್ಸ್ ಕೊಳ್ಳುತ್ತಾರೆ. ಬೆಲೆ ಕಡಿಮೆ, ಮಂದ ಬೆಳಕಿಗೂ ಒಳ್ಳೆಯದು. ಆದರೆ ಲೆಕ್ಕ ಹಾಕಿ ನೋಡಿ. ಗೋಡೆಗೆ ಒರಗಿ ಕುಳಿತವರಿಗೂ ನಿಮಗೂ ನಡುವೆ ಉಳಿಯುವುದು ಏಳಡಿ. ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 23.5 ಮಿ.ಮೀ. ಅದನ್ನು 50ರಿಂದ ಭಾಗಿಸಿ ಏಳರಿಂದ ಗುಣಿಸಿದರೆ ಮೂರೂಕಾಲು ಅಡಿ ಅಷ್ಟೇ. ಇಬ್ಬರು ಒಳಗೆ, ಉಳಿದವರೆಲ್ಲ ಹೊರಗೆ! ಗಣಿತ ಇಲ್ಲಿಯೂ ನಮ್ಮನ್ನು ಬಿಡುವುದಿಲ್ಲ. 35ರಲ್ಲಿ 4.7 ಅಡಿ, 24ರಲ್ಲಿ ಹೆಚ್ಚುಕಡಿಮೆ ಏಳಡಿ.

18ಕ್ಕೆ ಇಳಿದರೆ ಒಂಬತ್ತಡಿ ಸಿಗುತ್ತದೆ, ನಿಜ. ಆದರೆ ಅಂಚಿನಲ್ಲಿ ಕುಳಿತವರ ಮುಖ ಅಡ್ಡಕ್ಕೆ ಹಿಗ್ಗುತ್ತದೆ. ದಾದಿಯನ್ನು ಎಂದೂ ಅಂಚಿಗೆ ಕೂರಿಸಬೇಡಿ. ಎಷ್ಟೋ ಮನೆಗಳಲ್ಲಿ ಅವರದೆಂದು ಉಳಿಯುವುದು ಅದೊಂದೇ ಚಿತ್ರ.

ನನ್ನ ಆಯ್ಕೆ 24. ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಇದ್ದರೆ ಹೊಸದೇನೂ ಬೇಡ, ಅದನ್ನೇ 24ಕ್ಕೆ ತಿರುಗಿಸಿ. ಹಗಲಲ್ಲಿ ಬಾಗಿಲು, ಕಿಟಕಿ ತೆರೆದು ಎಫ್/4ಕ್ಕೆ ಇಟ್ಟರೆ ಹಿಂದೆ ನಿಂತವರೂ ಸ್ಪಷ್ಟವಾಗಿ ಬರುತ್ತಾರೆ. ಆಗಲೂ ಜಾಗ ಸಾಲದಿದ್ದರೆ ಹೊಸ್ತಿಲಾಚೆ ನಿಂತು ತೆಗೆಯಿರಿ.