ಮೀಟರು ಹೇಳಿದ್ದು, ಪ್ಲಗ್ಗು ಹೇಳಿದ್ದು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ತಾಂತ್ರಿಕ ಶಿಕ್ಷಣದ ಮಹತ್ವದ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಸೂಚಿಸಿದ್ದಾರೆ. ದೊಡ್ಡ ಮಾತು ಆಡುವಷ್ಟು ದೊಡ್ಡವನು ನಾನಲ್ಲ. ಗ್ಯಾರೇಜಿನಲ್ಲಿ ಬೆಳೆದು ಡಿಪ್ಲೊಮಾ ಓದಿದವನು. ಆದ್ದರಿಂದ ಒಂದು ಹಳೆಯ ಬುಲೆಟ್ಟಿನ ಕಥೆ ಹೇಳುತ್ತೇನೆ. ಮಹತ್ವ ಅದರಲ್ಲಿದ್ದರೆ ನೀವೇ ತೆಗೆದುಕೊಳ್ಳಿ.

ನಿಮ್ಮಲ್ಲಿ ಹಲವರ ತಂದೆ, ಚಿಕ್ಕಪ್ಪ, ಮಾವಂದಿರು ಮೆಕ್ಯಾನಿಕ್‌ಗಳು. ಕಾರ್ಬುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಕಿವಿಯಿಂದಲೇ ಗಾಡಿ ಸರಿಮಾಡಿ, ಆ ದುಡಿಮೆಯಲ್ಲೇ ನಿಮ್ಮನ್ನು ಓದಿಸಿದವರು. ನಮ್ಮ ದೇಶದ ಮೋಟಾರ್ ಸೈಕಲ್ಲಿಗೆ ಫ್ಯೂಯಲ್ ಇಂಜೆಕ್ಷನ್ ಬಂದದ್ದು 2006ರಲ್ಲಿ, ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಮೂಲಕ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬುರೇಟರು ಬಹುಮಟ್ಟಿಗೆ ಮರೆಯಾಯಿತು. "ಇನ್ನು ನಮ್ಮ ಕಾಲ ಮುಗಿಯಿತು" ಎಂದು ಹಿರಿಯ ಮೆಕ್ಯಾನಿಕ್‌ಗಳು ಹೇಳುವುದನ್ನು ನಾನು ಕೇಳಿದ್ದೇನೆ. ಆ ಮಾತು ಪೂರ್ತಿ ನಿಜವಲ್ಲವೆಂದು ನನಗೆ ತಿಳಿದದ್ದು ಈ ಬುಲೆಟ್ಟಿನಿಂದ.

ಅದು 346 ಸಿಸಿಯ ಹಳೆಯ ಎರಕದ ಕಬ್ಬಿಣದ ಎಂಜಿನ್. ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಕಿಟ್ ಕೂರಿಸುವ ಹುಮ್ಮಸ್ಸು ನನಗೆ. ಕಿಟ್ಟಿನಲ್ಲಿ ಇರುವುದು ಇಷ್ಟು: ಸುಮಾರು 3 ಬಾರ್ ಒತ್ತಡ ಕೊಡುವ ಪೆಟ್ರೋಲ್ ಪಂಪು, ಒಂದು ಇಂಜೆಕ್ಟರ್, ಥ್ರಾಟಲ್ ಬಾಡಿ, ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಬಿಸಿಯಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ತಿಳಿಸುವ ಸೆನ್ಸರುಗಳು, ಮತ್ತು ಇವೆಲ್ಲದರ ಮಾತು ಕೇಳಿ ತೀರ್ಮಾನಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರು. ಇಂಜೆಕ್ಟರ್ ಎಂಬುದು ಒಂದು ನಲ್ಲಿ. ಅದು ಎಷ್ಟು ಹೊತ್ತು ತೆರೆದಿರಬೇಕು ಎಂಬುದೊಂದೇ ಪ್ರಶ್ನೆ.

ಇಲ್ಲಿ ನಿಮ್ಮ ಹೈಸ್ಕೂಲಿನ ಲೆಕ್ಕ ಬರುತ್ತದೆ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ ಎನ್ನಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಬೇಕು. ಎರಡು ಸುತ್ತಿಗೆ ಹಿಡಿಯುವ ಕಾಲ 24 ಮಿಲಿಸೆಕೆಂಡ್. ಅದರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಹೊತ್ತು ಇಂಜೆಕ್ಟರ್ ತೆರೆದಿರಬಾರದು, ಅಂದರೆ ಸುಮಾರು 19 ಮಿಲಿಸೆಕೆಂಡ್. 18 ಅಶ್ವಶಕ್ತಿಯ ಈ ಎಂಜಿನ್ನಿಗೆ ಒಂದೊಂದು ಅಶ್ವಶಕ್ತಿಗೂ ಗಂಟೆಗೆ ಸುಮಾರು 227 ಗ್ರಾಂ ಪೆಟ್ರೋಲ್ ಎಂದು ಹಿಡಿದರೆ, ನಿಮಿಷಕ್ಕೆ 115 ಸಿಸಿ ಸುರಿಸುವ ಇಂಜೆಕ್ಟರ್ ಸಾಕು. ದೊಡ್ಡದು ಹಾಕಿದರೆ ಶಕ್ತಿ ಹೆಚ್ಚುವುದಿಲ್ಲ, ಐಡ್ಲಿಂಗ್ ಹದಕ್ಕೆ ಬಾರದೆ ಕಾಡುತ್ತದೆ.

ಟ್ಯೂನಿಂಗ್ ಎಂದರೆ ಒಂದು ಕೋಷ್ಟಕವನ್ನು ತಿದ್ದುವುದು. ಅಡ್ಡ ಸಾಲಿನಲ್ಲಿ ಎಂಜಿನ್ ವೇಗ, ಉದ್ದ ಸಾಲಿನಲ್ಲಿ ಥ್ರಾಟಲ್. ಒಂದೊಂದು ಮನೆಯಲ್ಲೂ ಒಂದೊಂದು ಸಂಖ್ಯೆ. ಇದಕ್ಕೆ ಮ್ಯಾಪ್ ಎನ್ನುತ್ತಾರೆ. ಸಂಖ್ಯೆ ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ಸೈಲೆನ್ಸರ್ ಪೈಪಿಗೆ ಕೂರಿಸಿದ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್. 1 ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಸೇರಿದರೆ ಮೀಟರು 'ಲ್ಯಾಂಬ್ಡಾ 1' ತೋರಿಸುತ್ತದೆ. 1ಕ್ಕಿಂತ ಮೇಲೆ ಹೋದರೆ ಪೆಟ್ರೋಲ್ ಕಡಿಮೆ, ಅಂದರೆ ಲೀನ್. ಕೆಳಗೆ ಬಂದರೆ ಪೆಟ್ರೋಲ್ ಹೆಚ್ಚು, ಅಂದರೆ ರಿಚ್. ಪೂರ್ತಿ ಥ್ರಾಟಲ್ಲಿನಲ್ಲಿ 0.85ರಿಂದ 0.9ರ ಆಸುಪಾಸು ಇರಬೇಕು.

ಕಿಟ್ ಕೂರಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕುಳಿತೆ. ಐಡ್ಲಿಂಗಿನಲ್ಲಿ ಮೀಟರು 1.15 ತೋರಿಸಿತು. ಪೆಟ್ರೋಲ್ ಸಾಲದು ಎಂದು ಸಂಖ್ಯೆ ಏರಿಸಿದೆ. ಮತ್ತೆ ಲೀನ್. ಮತ್ತೆ ಏರಿಸಿದೆ. ಗಾಡಿ ಡುಗುಡುಗು ಎಂದು ಕೆಮ್ಮತೊಡಗಿತು, ಹೊಗೆ ಕಪ್ಪಾಯಿತು. ಮೀಟರು ಮಾತ್ರ ಲೀನ್ ಎಂಬ ಹಟ ಬಿಡಲಿಲ್ಲ. ಎರಡು ದಿನ ಹೀಗೇ ಕಳೆಯಿತು.

ನನಗೆ ಕೆಲಸ ಕಲಿಸಿದ ಉಸ್ತಾದರು ಎಲ್ಲವನ್ನೂ ದೂರದಿಂದ ನೋಡುತ್ತಿದ್ದರು. ಓದಿದ ಹುಡುಗನ ಕೆಲಸದಲ್ಲಿ ಬಾಯಿ ಹಾಕಬಾರದೆಂಬ ಸಂಕೋಚ ಅವರಿಗೆ. ಕೊನೆಗೆ ಎದ್ದು ಬಂದು, ಪ್ಲಗ್ಗು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಒಣ ಮಸಿ ಹಿಡಿದು ಕಪ್ಪಾಗಿತ್ತು.

"ಬೇಟಾ, ನಿನ್ನ ಮೀಟರು ಹಸಿವು ಅಂತದೆ. ಈ ಪ್ಲಗ್ಗು ಹೊಟ್ಟೆ ಬಿರಿಯೋ ಹಾಗೆ ಕುಡಿದಿದೀನಿ ಅಂತದೆ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದಾನೆ" ಎಂದರು.

ನಂತರ ಸಿಲಿಂಡರ್ ಹೆಡ್ಡಿಗೆ ಸೈಲೆನ್ಸರ್ ಪೈಪು ಸೇರುವ ಜಾಗಕ್ಕೆ ಸಾಬೂನು ನೀರು ಹಾಕಿ, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿದರು. ಗುಳ್ಳೆ ಎದ್ದಿತು. ಪೈಪು ಅಲ್ಲಿ ಲೀಕ್ ಇತ್ತು. ಒಂದೇ ಸಿಲಿಂಡರಿನ ಎಂಜಿನ್ ಒಂದೊಂದು ಬಾರಿ ಹೊಗೆ ಉಗುಳಿದ ಮೇಲೂ ಪೈಪಿನಲ್ಲಿ ಕ್ಷಣಕಾಲ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿ ಸಂದಿಯಿಂದ ಒಳಗೆ ನುಗ್ಗುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನೂ ಎಣಿಸಿ ಲೀನ್ ಎನ್ನುತ್ತಿತ್ತು. ಸೆನ್ಸರಿನದು ತಪ್ಪಲ್ಲ. ತಾನು ಕಂಡದ್ದನ್ನು ಹೇಳಿತು. ವಿಚಾರಿಸದೆ ನಂಬಿದ್ದು ನನ್ನ ತಪ್ಪು. ಹೊಸ ಗ್ಯಾಸ್ಕೆಟ್ ಹಾಕಿ, ಮ್ಯಾಪನ್ನು ಮೊದಲಿನ ಸಂಖ್ಯೆಗೆ ತಂದೆ. ಮೀಟರೂ ಪ್ಲಗ್ಗೂ ಒಂದೇ ಮಾತು ಆಡಿದವು.

ಕಥೆ ಇಲ್ಲಿಗೇ ಮುಗಿದರೆ ಹಳೆಯದೇ ಶ್ರೇಷ್ಠ ಎಂದು ನೀವು ಚಪ್ಪಾಳೆ ತಟ್ಟಿಬಿಡುತ್ತೀರಿ. ಇನ್ನೊಂದು ಭಾಗವಿದೆ. ಮರುದಿನ ಒಂದು ಖಾಸಗಿ ಆವರಣದಲ್ಲಿ ಉಸ್ತಾದರು ಗಾಡಿ ಓಡಿಸಿದರು. "ಬೆಣ್ಣೆ ಹಾಗೆ ಓಡ್ತಿದೆ" ಎಂದು ನಗುತ್ತ ಬಂದರು. ನಾನು ದಾಖಲೆ ತೆರೆದು ನೋಡಿದರೆ ಪೂರ್ತಿ ಥ್ರಾಟಲ್ಲಿನಲ್ಲಿ 1.08. ಗಾಳಿಯಿಂದ ತಣಿಯುವ ಎಂಜಿನ್ನನ್ನು ಹೀಗೆ ಉದ್ದಕ್ಕೆ ಓಡಿಸಿದರೆ ಪಿಸ್ಟನ್ ಜಾಮ್ ಆಗುವ ಅಪಾಯವಿದೆ. ಕಿವಿಗೆ ಅದು ಕೇಳಿಸಿರಲಿಲ್ಲ. ಉಸ್ತಾದರು ಪರದೆಯನ್ನು ಬಹಳ ಹೊತ್ತು ನೋಡಿ, "ಇದನ್ನು ಓದೋದು ನನಗೂ ಕಲಿಸು" ಎಂದರು. ಆ ಮಾತನ್ನು ನಾನು ಎಂದಿಗೂ ಮರೆಯಲಾರೆ.

ಆನಂತರ ನಾವಿಬ್ಬರೂ ಕೂಡಿ ಕೆಲವು ನಿಯಮ ಮಾಡಿಕೊಂಡೆವು. ಮ್ಯಾಪ್ ಮುಟ್ಟುವ ಮೊದಲು ಗಾಡಿಯ ಆರೋಗ್ಯ ನೋಡಬೇಕು: ಟ್ಯಾಪೆಟ್, ಪ್ಲಗ್ಗು, ಲೀಕ್, ಬ್ಯಾಟರಿ. ಬ್ಯಾಟರಿಯ ವೋಲ್ಟೇಜ್ ಇಳಿದರೆ ಇಂಜೆಕ್ಟರ್ ತೆರೆಯುವುದು ತಡವಾಗಿ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಆ ದೋಷವನ್ನು ಮ್ಯಾಪಿನಲ್ಲಿ ಮುಚ್ಚಬಾರದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆಯೇ ಸಂಖ್ಯೆ ತಿದ್ದಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಹಳೆಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಒತ್ತಡದ ಪೆಟ್ರೋಲ್ ಪೈಪು ಸೋರಿದರೆ ಬೆಂಕಿಯ ಭಯ, ಅದನ್ನು ಪ್ರತಿದಿನ ನೋಡಬೇಕು.

ಈ ಅಭ್ಯಾಸ ಈಗ ಇನ್ನಷ್ಟು ಬೇಕಾಗಿದೆ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ಕ್ಕೆ ಮುಟ್ಟಿತು. ಎಥನಾಲಿಗೆ ಬೇಕಾದ ಗಾಳಿ ಕೇವಲ 9 ಭಾಗ. ಮಿಶ್ರಣಕ್ಕೆ ಸುಮಾರು 13.5. ಬರಿಯ ಪೆಟ್ರೋಲಿಗೆ ಹೊಂದಿಸಿದ ಹಳೆಯ ಮ್ಯಾಪು ಈಗ ಲೀನ್ ಆಗುತ್ತದೆ, ಮತ್ತೆ ಅಳೆಯಲೇಬೇಕು.

ಒಂದು ಎಚ್ಚರಿಕೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಇಂಥ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಕಲಿಕೆಗೆ ವರ್ಕ್‌ಶಾಪು ಇದೆ.

ವಿದ್ಯಾರ್ಥಿಗಳೇ, ಮನೆಯಲ್ಲಿ ಗ್ರೀಸ್ ಮೆತ್ತಿದ ಕೈಗಳಿದ್ದರೆ ನಾಚಿಕೊಳ್ಳಬೇಡಿ. ಈ ಭಾನುವಾರ ನೋಟ್‌ಬುಕ್ ಹಿಡಿದು ಆ ಗ್ಯಾರೇಜಿಗೆ ಹೋಗಿ. ಅವರಿಗೆ ತಿಳಿದದ್ದನ್ನು ಕೇಳಿ ಬರೆದುಕೊಳ್ಳಿ, ನಿಮಗೆ ತಿಳಿದದ್ದನ್ನು ತಾಳ್ಮೆಯಿಂದ ಹೇಳಿಕೊಡಿ. ಸಂಘದ ಹಿರಿಯರಲ್ಲಿ ಒಂದು ವಿನಂತಿ: ಒಂದು ಸೆನ್ಸರ್, ಒಂದು ಲ್ಯಾಪ್‌ಟಾಪ್, ವಾರಕ್ಕೊಂದು ಸಂಜೆ ಒದಗಿಸಿಕೊಡಿ. ತಂದೆಯೂ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯಲಿ. ಪಾಠ ಹೇಳಲು ನಾನು ಬರುತ್ತೇನೆ, ಉಸ್ತಾದರನ್ನೂ ಕರೆತರುತ್ತೇನೆ.